ಲಾವಂಚದ ಬೇರು ನೆಲದಲ್ಲಿರಲಿ

ಲಾವಂಚ ಎಂದ ಕೂಡಲೇ ನಮಗೆ ನೆನಪಾಗುವುದು ಪರಿಮಳ. ಮಣ್ಣಿನ ಹೂಜಿಯ ತಳದಲ್ಲಿ ಹಾಕಿಟ್ಟ ಬೇರಿನ ಕಟ್ಟು, ರೇಷ್ಮೆ ಸೀರೆಯ ಮಡಿಕೆಯ ನಡುವೆ ಇಟ್ಟ ನಾಲ್ಕು ಎಳೆ, ಬೇಸಿಗೆಯ ಮಧ್ಯಾಹ್ನ ನೀರು ಚಿಮುಕಿಸಿ ಬೀಸಿಕೊಳ್ಳುವ ಬೀಸಣಿಗೆ. ಈಗ ಇದಕ್ಕೆ ಸಾಬೂನು, ಶರಬತ್ತು, ಮೈ ಉಜ್ಜುವ ನಾರು, ದೇವರ ಪಟಕ್ಕೆ ಹಾಕುವ ಹಾರ, ಶೋಕೇಸಿನಲ್ಲಿ ಇಡುವ ಗಣಪತಿ ಎಲ್ಲವೂ ಸೇರಿಕೊಂಡಿವೆ. ಆದರೆ ಆ ಬೇರಿನ ಮೇಲಿದ್ದ ಹುಲ್ಲು ಹೇಗಿತ್ತು, ಯಾವ ಮಣ್ಣಿನಲ್ಲಿ ನಿಂತಿತ್ತು, ಕಿತ್ತ ಮೇಲೆ ಆ ಮಣ್ಣಿನ ಗತಿ ಏನಾಯಿತು ಎಂದು ಕೇಳಿ ನೋಡಿ. ಹೆಚ್ಚಾಗಿ ಕೊಂಡವರಿಗೂ ಗೊತ್ತಿರುವುದಿಲ್ಲ, ಮಾರಿದವರಿಗೂ ಗೊತ್ತಿರುವುದಿಲ್ಲ.

ನನ್ನ ತಕರಾರು ಇಲ್ಲಿಂದಲೇ ಸುರುವಾಗುತ್ತದೆ. ನಮ್ಮಂತಹ ಮಳೆಯ ಊರಿನಲ್ಲಿ ಲಾವಂಚಕ್ಕೆ ದೊಡ್ಡ ಕೆಲಸ ಇರುವುದು ನೆಲದ ಒಳಗೆ. ನಾವು ಅದನ್ನು ನೆಲದಿಂದ ಹೊರಗೆ ಎಳೆದ ಮೇಲೆ ಮಾತ್ರ ಪ್ರೀತಿಸಲು ಕಲಿತಿದ್ದೇವೆ. ‘ವೆಟಿವರ್’ ಎಂದು ಲೋಕವೆಲ್ಲ ಕರೆಯುವ ಹೆಸರು ಬಂದದ್ದು ತಮಿಳಿನ ‘ವೆಟ್ಟಿವೇರ್’ ಎಂಬ ಮಾತಿನಿಂದ. ಕಡಿದು ತೆಗೆದ ಬೇರು ಎಂದು ಅದರ ಅರ್ಥ. ಹೆಸರಿಡುವಾಗಲೇ ಕಡಿಯುವ ಯೋಚನೆ!

ನೋಡದವರಿಗಾಗಿ ಹೇಳುತ್ತೇನೆ. ಲಾವಂಚ ಎಂದರೆ ಬುಡ ಬುಡವಾಗಿ ಒತ್ತಾಗಿ ಬೆಳೆಯುವ ಎತ್ತರದ ಹುಲ್ಲು. ಮಜ್ಜಿಗೆ ಹುಲ್ಲಿನ ದೂರದ ನೆಂಟ ಎನ್ನಬಹುದು. ಆದರೆ ಇದರ ಎಲೆಯನ್ನು ಎಷ್ಟು ಹಿಸುಕಿದರೂ ಪರಿಮಳ ಇಲ್ಲ, ಎಲ್ಲವೂ ಬೇರಿನಲ್ಲಿ. ಬೇರೆ ಹುಲ್ಲುಗಳ ಬೇರು ಮೇಲುಮೇಲೆ ಹರಡಿದರೆ ಲಾವಂಚದ ಬೇರು ಜಡೆ ಇಳಿಬಿಟ್ಟ ಹಾಗೆ ನೇರ ಕೆಳಗೆ ಇಳಿಯುತ್ತದೆ. ಒಳ್ಳೆಯ ಮಣ್ಣು ಸಿಕ್ಕಿದರೆ ಮೂರು ಮೀಟರ್ ಆಳದವರೆಗೂ ಹೋಗುತ್ತದೆ. ದಕ್ಷಿಣ ಭಾರತದಲ್ಲಿ ನೆಟ್ಟು ಬೆಳೆಸುವ ಜಾತಿ ಬೀಜದಿಂದ ಹರಡುವುದಿಲ್ಲ. ನೆಟ್ಟಲ್ಲಿ ನಿಲ್ಲುತ್ತದೆ, ನೆರೆಯವರ ಹಿತ್ತಿಲಿಗೆ ಕಳೆಯಾಗಿ ಹೋಗುವುದಿಲ್ಲ. 1996ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಈ ಬೇರನ್ನು ಎಳೆದು ನೋಡಿದರಂತೆ. ಅದರ ಸರಾಸರಿ ಎಳೆತದ ಬಲ 75 ಮೆಗಾಪಾಸ್ಕಲ್, ಅಂದರೆ ಕಟ್ಟಡಕ್ಕೆ ಹಾಕುವ ಮೆದು ಉಕ್ಕಿನ ಸುಮಾರು ಆರನೇ ಒಂದು ಪಾಲು. ಹುಲ್ಲಿನ ಬೇರಿಗೆ ಇಷ್ಟು ಶಕ್ತಿ ಸಣ್ಣ ಮಾತೇನಲ್ಲ.

ನನ್ನ ತವರು ಕಾರ್ಕಳದ ಕಡೆಯ ಒಂದು ಇಳಿಜಾರಿನ ಮನೆ. ಅಂಗಳದ ಅಂಚಿಗೆ ಎರಡಾಳು ಎತ್ತರದ ಧರೆ, ಅದರ ಕೆಳಗೆ ಅಡಿಕೆ ತೋಟ. ಧರೆಯ ಮೇಲೆ ಉದ್ದಕ್ಕೂ ಲಾವಂಚದ ಸಾಲು. ಬೇಸಿಗೆ ರಜೆಯಲ್ಲಿ ನಾವು ಮಕ್ಕಳು ಹೂಜಿಗೆಂದು ಬೇರು ಕೀಳಲು ಹೋದರೆ ಅಜ್ಜಿ ದೊಡ್ಡ ಸ್ವರ ತೆಗೆಯುತ್ತಿದ್ದರು. “ಅದು ಧರೆಯ ಹೊಲಿಗೆ ಮಕ್ಕಳೇ, ಬಿಚ್ಚಬೇಡಿ” ಎನ್ನುತ್ತಿದ್ದರು. ಹೂಜಿಗೆ ಬೇಕಾದ ಬೇರಿಗೆ ಬಚ್ಚಲ ನೀರು ಹೋಗುವ ಕಣಿಯ ಬದಿಯಲ್ಲಿ ಬೇರೆಯೇ ನಾಲ್ಕು ಬುಡ ಇದ್ದವು. ಕೀಳುವ ಲಾವಂಚ ಬೇರೆ, ಕೀಳಬಾರದ ಲಾವಂಚ ಬೇರೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಗೊತ್ತಿದ್ದ ಈ ಒಂದು ವ್ಯತ್ಯಾಸ ನಮಗೆ ಮರೆತುಹೋಗಿದೆ ಎನ್ನುವುದೇ ಈ ಬರಹದ ಜಗಳ.

ಜಗಳಕ್ಕೆ ಕಾರಣ ಉಂಟು. ಉಡುಪಿ ಜಿಲ್ಲೆಗೆ ವರ್ಷಕ್ಕೆ ಬೀಳುವ ಮಳೆ 4,000 ಮಿಲಿಮೀಟರ್ ಆಸುಪಾಸು. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಇಷ್ಟು ಮಳೆ ಬೀಳುವ ನೆಲ ಎಂತಹದು? ಕಾರ್ಕಳದ ಗೊಮ್ಮಟ 1432ರಿಂದ ಬಂಡೆಯ ಮೇಲೆ ನಿಂತಿದ್ದಾನೆ, ಅವನಿಗೆ ಚಿಂತೆಯಿಲ್ಲ. ನಮ್ಮ ಮನೆಗಳಲ್ಲಿ ಹೆಚ್ಚಿನವು ನಿಂತಿರುವುದು ಮುರಕಲ್ಲಿನ ಗುಡ್ಡಗಳ ಮೇಲೆ. ಮೇಲೆ ಗಟ್ಟಿ ಮುರ, ಅದರ ಅಡಿಯಲ್ಲಿ ನಾವು ಶೇಡಿ ಎನ್ನುವ ನುಣುಪಾದ ಮಣ್ಣು. ಒಣಗಿದ್ದಾಗ ಈ ಶೇಡಿ ಗೋಡೆಯಂತೆ ನಿಂತಿರುತ್ತದೆ. ನೀರು ಕುಡಿದರೆ ಗಂಜಿಯಂತೆ ಕರಗಿ ಹರಿಯುತ್ತದೆ. ಮೇಲಿನ ಮುರದ ಮುಚ್ಚಳ ಇರುವಷ್ಟು ದಿನ ಗುಡ್ಡ ಕ್ಷೇಮ. ನಾವು ಮನೆಗೆ, ರಸ್ತೆಗೆ, ಕಲ್ಲಿನ ಕೋರೆಗೆ ಆ ಮುಚ್ಚಳವನ್ನೇ ಕತ್ತರಿಸಿ ಶೇಡಿಯನ್ನು ಮಳೆಗೆ ಒಡ್ಡುತ್ತೇವೆ. ಆಮೇಲೆ ಆಟಿಯ ಮಳೆಗೆ ಧರೆ ಜರಿದರೆ ಮಳೆಯನ್ನು ಬಯ್ಯುತ್ತೇವೆ.

ನಾನು ಈಗ ಇರುವುದು ಮಣಿಪಾಲದಲ್ಲಿ. ಮಣ್ಣುಪಳ್ಳದಿಂದ ಊರಿಗೆ ಈ ಹೆಸರು ಬಂತು ಎನ್ನುತ್ತಾರೆ. ಊರಿನ ಹೆಸರಿನಲ್ಲೇ ಮಣ್ಣು ಉಂಟು! 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸುರುವಾದಾಗ ಇದು ಬೋಳು ಗುಡ್ಡವಾಗಿತ್ತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಈಗ ಗುಡ್ಡದ ಮೈಯೆಲ್ಲ ಮನೆ, ಫ್ಲಾಟು, ಹಾಸ್ಟೆಲು. ಇಲ್ಲಿ ಹತ್ತು ಸೆಂಟ್ಸ್ ಜಾಗ ಎಂದರೆ ಅರ್ಧ ಕಡಿದದ್ದು, ಅರ್ಧ ತುಂಬಿಸಿದ್ದು. ನಮ್ಮ ಮನೆಯ ಹಿಂದೆಯೂ ಒಂದು ಧರೆ. ಮನೆ ಕಟ್ಟಿಸುವಾಗ ಅಲ್ಲಿ ಲಾವಂಚ ನೆಡುತ್ತೇನೆ ಎಂದೆ. ಕೆಲಸ ವಹಿಸಿಕೊಂಡಿದ್ದ ಕಂಟ್ರಾಕ್ಟರರಿಗೆ ನಗು ತಡೆಯಲಿಲ್ಲ. “ಎಂತ ಅಕ್ಕ, ಹುಲ್ಲು ನೆಟ್ಟು ಗುಡ್ಡ ನಿಲ್ಲಿಸ್ಲಿಕ್ಕೆ ಆಗ್ತದಾ? ಕಾಂಕ್ರೀಟು ಹೊಡೆದು ಬಿಡುವ” ಎಂದರು. ಮನೆಯವರೂ ಅವರ ಕಡೆಗೇ. ನಾನು ಹಟ ಬಿಡಲಿಲ್ಲ. ಧರೆಯನ್ನು ನೇರ ಕಡಿಯದೆ ಮೂರು ಮೆಟ್ಟಿಲು ಮಾಡಿಸಿ, ನೆತ್ತಿಯಲ್ಲಿ ನೀರು ಹೋಗಲು ಕಣಿ ತೆಗೆಸಿ, ತವರಿನಿಂದ ಗೋಣಿಯಲ್ಲಿ ಬುಡ ತರಿಸಿ ನೆಟ್ಟೆ. ಕೆಳಗಿನ ಜಾಗದವರು ಅದೇ ವರ್ಷ ಹತ್ತಡಿ ಎತ್ತರದ ತಡೆಗೋಡೆ ಕಟ್ಟಿಸಿ ಬಣ್ಣ ಬಳಿಸಿದರು. ಮೂರನೇ ಮಳೆಗಾಲದಲ್ಲಿ ಒಂದು ರಾತ್ರಿ ಆ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಅವರ ಸ್ಕೂಟರಿನ ಮೇಲೆ ಮಲಗಿತು. ಪುಣ್ಯಕ್ಕೆ ಮನುಷ್ಯರಿಗೆ ಏನೂ ಆಗಲಿಲ್ಲ.

ಇದರಲ್ಲಿ ಪವಾಡ ಏನೂ ಇಲ್ಲ. ಗೋಡೆ ಬಿದ್ದದ್ದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ನೀರಿನ ಒತ್ತಡಕ್ಕೆ. ಹಿಂದೆ ಜಲ್ಲಿ ತುಂಬಿಸಿರಲಿಲ್ಲ, ನೀರು ಹೊರಬರಲು ಪೈಪು ಇಟ್ಟಿರಲಿಲ್ಲ. ಒಳಗೆ ನಿಂತ ನೀರು ಹೋಗುವುದಾದರೂ ಎಲ್ಲಿಗೆ? ಗೋಡೆಯನ್ನೇ ತಳ್ಳಿಕೊಂಡು ಬಂತು. ಲಾವಂಚದ ಬೇಲಿ ಮಾಡುವ ಕೆಲಸ ಇದಕ್ಕೆ ಪೂರಾ ಉಲ್ಟಾ. ಅದು ನೀರನ್ನು ಕಟ್ಟಿಹಾಕುವುದಿಲ್ಲ. ಒತ್ತಾಗಿ ನಿಂತ ಕಡ್ಡಿಗಳ ನಡುವೆ ಸೋಸಿ, ನಿಧಾನ ಮಾಡಿ, ಕೆಳಗೆ ಬಿಡುತ್ತದೆ. ನೀರಿನ ಜೊತೆ ಬಂದ ಮಣ್ಣು ಬುಡದ ಹಿಂದೆಯೇ ತಂಗುತ್ತದೆ. ಮಣ್ಣು ಏರಿದ ಹಾಗೆ ಹುಲ್ಲೂ ಗೆಣ್ಣಿನಲ್ಲಿ ಬೇರು ಬಿಟ್ಟು ಏರುತ್ತದೆ. ನಾಲ್ಕೈದು ವರ್ಷದಲ್ಲಿ ಧರೆಗೆ ತಾನಾಗಿಯೇ ಮೆಟ್ಟಿಲು ಮೂಡುತ್ತದೆ. ಗೋಡೆ ಕಟ್ಟಿದ ದಿನದಿಂದ ಹಳತಾಗುತ್ತದೆ, ಬೇಲಿ ನೆಟ್ಟ ದಿನದಿಂದ ಗಟ್ಟಿಯಾಗುತ್ತದೆ.

“ಇದೆಲ್ಲ ಅಜ್ಜಿಕತೆ” ಎನ್ನುವವರಿಗೆ ದೂರದ ಸಾಕ್ಷಿ ಬೇಕಲ್ಲ, ಕೊಡುತ್ತೇನೆ. ಸುರು ಮಾಡುವುದು ಮಾತ್ರ ನಮ್ಮ ಕರ್ನಾಟಕದಿಂದಲೇ. ಗುಂಡ್ಲುಪೇಟೆಯ ಸುತ್ತಿನ ರೈತರು ನೂರು ವರ್ಷಕ್ಕೂ ಹಿಂದಿನಿಂದ ಹೊಲದ ಬದುಗಳಲ್ಲಿ ಲಾವಂಚದ ಬೇಲಿ ಉಳಿಸಿಕೊಂಡು ಬಂದವರು. ಯಾವ ಸರಕಾರವೂ ಅವರಿಗೆ ಹೇಳಿಕೊಟ್ಟದ್ದಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೆಲಸಕ್ಕಾಗಿ ಭಾರತಕ್ಕೆ ಬಂದ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಈ ಹುಲ್ಲಿನ ಬೆನ್ನು ಹತ್ತಿದರು. ಗ್ರೀನ್‌ಫೀಲ್ಡ್ ಅದಕ್ಕೂ ಮೊದಲು, 1950ರ ದಶಕದಲ್ಲಿ, ಫಿಜಿಯ ಕಬ್ಬಿನ ಇಳಿಜಾರುಗಳಲ್ಲಿ ಇದನ್ನು ನೆಡಿಸಿ ನೋಡಿದ್ದವರು. 1987ರಲ್ಲಿ ಅವರ ಕಿರುಪುಸ್ತಕ ಬಂತು. ಥಾಯ್ಲೆಂಡಿನ ದೊರೆ ಭೂಮಿಬೋಲ್ 1991ರಲ್ಲಿ ತನ್ನ ನಾಡಿನ ಗುಡ್ಡಗಳಿಗೆ ಲಾವಂಚವನ್ನು ಹಿಡಿಸಿದರು. 1996ರಲ್ಲಿ ಅಲ್ಲಿನ ಚಿಯಾಂಗ್ ರಾಯ್‌ನಲ್ಲಿ ಈ ಒಂದು ಹುಲ್ಲಿಗಾಗಿಯೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ನಮ್ಮ ಬದುವಿನ ಹುಲ್ಲು ಲೋಕ ಸುತ್ತಿ, ಬಿರುದು ಹೊತ್ತು ಬಂದರೂ ನಮ್ಮ ಪೇಟೆಯಲ್ಲಿ ಅದಕ್ಕೆ ಇರುವ ಜಾಗ ಶೋಕೇಸು ಮಾತ್ರ.

ಹಾಗೆಂದು ವನಮಹೋತ್ಸವದ ದಿನ ಫೋಟೋ ತೆಗೆಸಿಕೊಂಡು ನೆಟ್ಟು ಬಿಟ್ಟರೆ ಲಾವಂಚ ಯಾರನ್ನೂ ಕಾಯುವುದಿಲ್ಲ. ನೆಟ್ಟು ಮರೆಯುವವರ ಮೇಲೆಯೂ ನನಗೆ ಸಿಟ್ಟೇ. ಇದಕ್ಕೆ ಮೊದಲ ವರ್ಷ ಬಾಣಂತಿ ಮಗುವಿನ ಆರೈಕೆ ಬೇಕು. ಪತ್ತನಾಜೆ ಕಳೆದು ಎರಡು ಮಳೆ ಬಿದ್ದು ನೆಲ ನೆನೆದ ಮೇಲೆ ನೆಡಬೇಕು. ಹಳೆಯ ಬುಡವನ್ನು ಅಗೆದು, ಎರಡು ಮೂರು ಕಡ್ಡಿ ಒಟ್ಟಿಗೆ ಬರುವಂತೆ ಬಿಡಿಸಿ, ಎಲೆಯನ್ನು ಗೇಣುದ್ದಕ್ಕೆ, ಬೇರನ್ನು ನಾಲ್ಕು ಬೆರಳಿನಷ್ಟಕ್ಕೆ ಕತ್ತರಿಸಿಕೊಳ್ಳಬೇಕು. ಒಂದರಿಂದ ಒಂದಕ್ಕೆ ಅರ್ಧ ಗೇಣಿಗಿಂತ ಹೆಚ್ಚು ಅಂತರ ಬೇಡ. ಸಾಲು ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಹೋಗಬೇಕು. ಮೇಸ್ತ್ರಿಗಳು ಪೈಪಿನಲ್ಲಿ ನೀರು ತುಂಬಿಸಿ ಮಟ್ಟ ನೋಡುತ್ತಾರಲ್ಲ, ಅದೇ ಉಪಾಯ ಇಲ್ಲಿಗೂ ಸಾಕು. ಮೇಲಿನಿಂದ ಕೆಳಗೆ ಸಾಲು ಎಳೆದರೆ ಅದು ನೀರಿಗೆ ದಾರಿ ಮಾಡಿಕೊಟ್ಟ ಹಾಗೆ. ಮಳೆ ಬಿಟ್ಟ ಮೇಲೆ ಮೊದಲ ಬೇಸಿಗೆಯಲ್ಲಿ ನೀರು ಕೊಡಬೇಕು, ಕಳೆ ಕೀಳಬೇಕು, ಸತ್ತಲ್ಲಿ ಮರುನಾಟಿ ಮಾಡಬೇಕು. ಸಾಲಿನಲ್ಲಿ ಒಂದು ಕಂಡಿ ಬಿದ್ದರೂ ಗುಡ್ಡದ ನೀರೆಲ್ಲ ಅಲ್ಲಿಗೇ ನುಗ್ಗುತ್ತದೆ. ಆಮೇಲೆ ವರ್ಷಕ್ಕೆ ಎರಡು ಮೂರು ಸಲ ಮೊಣಕಾಲೆತ್ತರಕ್ಕೆ ಸವರಿದರೆ ಬುಡ ಒತ್ತಾಗುತ್ತದೆ. ಸವರಿದ ಹುಲ್ಲು ತೆಂಗಿನ ಬುಡಕ್ಕೆ ಹೊದಿಕೆ. ನೆರಳು ಮಾತ್ರ ಇದಕ್ಕೆ ಆಗದು. ಮಾವು ಹಲಸಿನ ಅಡಿಯಲ್ಲಿ ನೆಟ್ಟು “ನಮ್ಮಲ್ಲಿ ಬರುವುದಿಲ್ಲ” ಎನ್ನಬೇಡಿ.

ಇನ್ನು ಆಕ್ಷೇಪಗಳು. ಮೊದಲನೆಯದು ಹಾವು. “ಹುಲ್ಲು ಬೆಳೆಸಿದರೆ ಹಾವು ಬರ್ತದೆ ಮಾರಾಯ್ರೆ” ಎಂದು ನನಗೆ ಹೇಳದವರಿಲ್ಲ. ನಾಗರಪಂಚಮಿಗೆ ತನು ಹಾಕಲು ಸಾಲು ನಿಲ್ಲುವ ನಾವು ಉಳಿದ ದಿನಗಳಲ್ಲಿ ಇಷ್ಟು ಹೆದರುವುದು ನನಗೆ ಸೋಜಿಗ. ಹಾವು ಬರುವುದು ಇಲಿ ಕಪ್ಪೆಗಳಿಗಾಗಿ. ಒಡೆದ ಕಲ್ಲುಗೋಡೆಯ ಸಂದಿಯಲ್ಲಿಯೂ ಅದು ಸುಖವಾಗಿ ಇರುತ್ತದೆ. ಕಾಲಕಾಲಕ್ಕೆ ಸವರಿ, ಬುಡ ಚೊಕ್ಕ ಇಟ್ಟರೆ ಲಾವಂಚಕ್ಕೆ ಪ್ರತ್ಯೇಕ ಭಯ ಬೇಕಿಲ್ಲ. ಎರಡನೆಯದು ಚಂದದ ಮಾತು. ಇಂಟರ್‌ಲಾಕ್ ಹಾಸಿದ ಅಂಗಳ, ಬಣ್ಣ ಬಳಿದ ಗೋಡೆ ಇದ್ದರೆ ಮನೆ “ನೀಟು”. ಈ ನೀಟು ಅಂಗಳದಿಂದ ಒಂದು ಹನಿ ನೀರೂ ನೆಲಕ್ಕೆ ಇಳಿಯುವುದಿಲ್ಲ. ಏಪ್ರಿಲ್‌ನಲ್ಲಿ ಬಾವಿ ಆರಿದಾಗ ಟ್ಯಾಂಕರಿಗೆ ಫೋನು ಮಾಡುವವರು ಅದೇ ಮನೆಯವರು.

ಇದು ಒಂದೆರಡು ಮನೆಯ ಸಂಗತಿಯಾಗಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಉಡುಪಿ ಮಣಿಪಾಲದ ನಲ್ಲಿಗಳಿಗೆ ಸ್ವರ್ಣೆಯ ಬಜೆ ಅಣೆಕಟ್ಟಿನ ನೀರು ಬರುತ್ತದೆ. 2019ರ ಮೇ ತಿಂಗಳಲ್ಲಿ ಅಲ್ಲಿ ನೀರು ತಳ ಮುಟ್ಟಿ, ಊರೆಲ್ಲ ಕೊಡ ಹಿಡಿದು ಕಾದದ್ದು ನಿಮಗೂ ನೆನಪಿರಬಹುದು. ಮರುವರ್ಷ, 2020ರ ಸೆಪ್ಟೆಂಬರ್ 20ರಂದು, ಒಂದೇ ರಾತ್ರಿಯ ಮಳೆಗೆ ಕಲ್ಸಂಕ, ಬೈಲಕೆರೆಗಳಲ್ಲಿ ಮನೆಯೊಳಗೆ ನೀರು ನುಗ್ಗಿ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ, ಮಳೆಗಾಲದಲ್ಲಿ ಅಡುಗೆಮನೆಯಲ್ಲಿ ನೀರು. ಎರಡಕ್ಕೂ ಬೇರೆ ಬೇರೆ ಕಾರಣಗಳು ಹಲವು ಇರಬಹುದು, ಸಾಲು ಲಾವಂಚ ಇದ್ದಿದ್ದರೆ ಆ ನೆರೆ ನಿಲ್ಲುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಮೇಲಿನ ಗುಡ್ಡಗಳು ನೀರನ್ನು ಹಿಡಿದಿಡಲಾರದೆ, ಮಣ್ಣಿನ ಸಮೇತ ಒಂದೇ ಸಲಕ್ಕೆ ಕೆಳಗೆ ಬಿಡುವುದು ಎರಡು ಕಷ್ಟಕ್ಕೂ ಸೇರಿದ ಒಂದು ಕಾರಣ. ಗುಡ್ಡದ ಮೇಲಿರುವ ನಾವು ಮಾಡಿದ್ದನ್ನು ತಗ್ಗಿನ ಮನೆಯವರು ಉಣ್ಣುತ್ತಾರೆ.

ಲಾವಂಚದ ಮಿತಿಯನ್ನೂ ಹೇಳಿಬಿಡಬೇಕು. 2024ರ ಜುಲೈ 16ರಂದು ಹೆದ್ದಾರಿಯ ಬದಿಯ ಗುಡ್ಡ ಕುಸಿದು ಜೀವಗಳು ಹೋದವು. ನಮ್ಮ ಬೈಂದೂರಿನ ಶಿರೂರಲ್ಲ, ಅಂಕೋಲೆಯ ಶಿರೂರು. ಅಷ್ಟು ಆಳದಿಂದ ಗುಡ್ಡವೇ ಜಾರಿದರೆ ಮೂರು ಮೀಟರ್ ಬೇರು ಏನು ಮಾಡೀತು? ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿಯುವವರಿಗೆ ಯಾವ ಹುಲ್ಲೂ ರಕ್ಷಣೆ ಕೊಡುವುದಿಲ್ಲ. ಕಾಪುವಿನ ಕಡಲ ತೆರೆಗೂ ಇದು ಎದುರು ನಿಲ್ಲದು. ಅಲ್ಲಿ ಮರಳನ್ನು ಹಿಡಿಯುವ ಕೆಲಸಕ್ಕೆ ನೇರಳೆ ಹೂವಿನ ಅಡುಂಬು ಬಳ್ಳಿ ಮೊದಲಿನಿಂದಲೂ ಉಂಟು. ಲಾವಂಚದ ಕೆಲಸ ಮೇಲ್ಮಣ್ಣನ್ನು, ಮನೆಯ ಧರೆಯನ್ನು, ರಸ್ತೆಯ ಅಂಚನ್ನು ಹಿಡಿಯುವುದು. ನಮ್ಮ ನಿತ್ಯದ ಕಷ್ಟಗಳು ಇರುವುದೂ ಅಲ್ಲಿಯೇ.

ಹಾಗಾದರೆ ಪರಿಮಳ ಬೇಡವೆ? ಬೇಕು. ನನಗೂ ಹೂಜಿಯ ನೀರಿಗೆ ಲಾವಂಚ ಬೇಕು. ಆದರೆ ಅಜ್ಜಿಯ ವ್ಯತ್ಯಾಸವನ್ನು ಇಲ್ಲಿ ಮರೆಯಬಾರದು. ಬೇರು ತೆಗೆಯಬೇಕಾದರೆ ಒಂದೂವರೆ ವರ್ಷದ ಗಿಡವನ್ನು ಬುಡ ಸಮೇತ ಆಳಕ್ಕೆ ಅಗೆಯಬೇಕು. ಇಳಿಜಾರಿನಲ್ಲಿ ಹೀಗೆ ಅಗೆದರೆ ಮಣ್ಣನ್ನು ಸಡಿಲ ಮಾಡಿ ಮಳೆಯ ಕೈಗೆ ಕೊಟ್ಟಂತೆ. ಹೈಟಿ ಎಂಬ ದ್ವೀಪದೇಶ ಲೋಕದ ಸುಗಂಧದ ಬಾಟಲಿಗಳಿಗೆ ಲಾವಂಚದ ಎಣ್ಣೆ ಕೊಡುವುದರಲ್ಲಿ ಮುಂದು. ಅಲ್ಲಿನ ಬಡ ರೈತರು ಗುಡ್ಡದ ಮೈಯಿಂದ ಬೇರು ಅಗೆದು ಅಗೆದು ಮಣ್ಣು ಕಳೆದುಕೊಂಡಿದ್ದಾರೆ. ಮಣ್ಣು ಉಳಿಸುವ ಗಿಡದಿಂದಲೇ ಮಣ್ಣು ಹಾಳಾದ ಕತೆ ಅದು. ಬೇರಿಗಾಗಿ ಬೆಳೆಸುವುದಿದ್ದರೆ ಕಾಪುವಿನ ಕಡೆ ಇರುವಂತಹ ಸಮತಟ್ಟಾದ ಮರಳು ಮಿಶ್ರಿತ ನೆಲ ಸರಿ. ಏರು ಮಡಿ ಮಾಡಿ ನೆಟ್ಟರೆ ಬೇರು ತುಂಡಾಗದೆ ಬರುತ್ತದೆ, ಮಣ್ಣು ಓಡುವುದಿಲ್ಲ. ನಮ್ಮ ಸ್ವಸಹಾಯ ಸಂಘಗಳ ಹೆಂಗಸರಿಗೆ ಇದರಲ್ಲಿ ಎರಡು ಕೈಕೆಲಸ ಉಂಟು. ತಗ್ಗಿನ ಮರಳಿನಲ್ಲಿ ಮಾರುಕಟ್ಟೆಗೆ ಬೇರು, ಅದರ ಜೊತೆಗೇ ಗುಡ್ಡದ ಮನೆಗಳಿಗೆ ನೆಡಲು ಸಸಿ. ಹಪ್ಪಳ ಸಂಡಿಗೆಯಷ್ಟೇ ಗೌರವದ ದುಡಿಮೆ.

ಕೊನೆಯ ಮಾತು ನಮ್ಮ ನಮ್ಮೊಳಗಿನದು. ಮನೆ ಕಟ್ಟುವಾಗ ಅಡುಗೆಮನೆಯ ಟೈಲ್ಸಿನ ಬಣ್ಣ ಯಾವುದು ಎಂದು ನಮ್ಮನ್ನು ಕೇಳುತ್ತಾರೆ. ಧರೆ ಎಷ್ಟು ಕಡಿಯುವುದು ಎಂದು ಕೇಳುವುದಿಲ್ಲ. ಅದು ಗಂಡಸರು ಮತ್ತು ಜೆಸಿಬಿಯವರು ನಿಂತು ಒಂದು ಸಿಗರೇಟು ಸುಡುವಷ್ಟರಲ್ಲಿ ತೀರ್ಮಾನವಾಗುತ್ತದೆ. ಆದರೆ ಬಾವಿಯ ನೀರು ಕೆಂಪಾದಾಗ ಸೋಸುವವರು ನಾವು, ಜರಿದ ಮಣ್ಣು ಅಂಗಳಕ್ಕೆ ಬಂದಾಗ ಬಾಚುವವರು ನಾವು, ರಾತ್ರಿ ಜೋರು ಮಳೆ ಬಂದರೆ ಮಕ್ಕಳನ್ನು ಹಿಂದಿನ ಕೋಣೆಯಿಂದ ಎಬ್ಬಿಸಿ ಎದುರಿನ ಕೋಣೆಗೆ ತರುವವರೂ ನಾವೇ. ಹಾಗಿರುವಾಗ ಆ ಧರೆಯ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿರಲು ನಮಗೆ ಯಾರು ಹೇಳಿದ್ದು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಜಾಗ ಕಡಿಯಲು ಪರವಾನಿಗೆ ಕೊಡುವ ಪಂಚಾಯತು, ನಗರಸಭೆಗಳು ಧರೆಯ ನೆತ್ತಿಗೆ ಕಣಿ, ಮೈಗೆ ಬೇರಿನ ಬೇಲಿ ಎಲ್ಲಿ ಎಂದು ನಕ್ಷೆಯಲ್ಲಿಯೇ ಕೇಳಲಿ. ನೆಟ್ಟದ್ದನ್ನು ಎರಡು ವರ್ಷ ನೋಡಿಕೊಳ್ಳುವ ಹಣವನ್ನೂ ಲೆಕ್ಕದಲ್ಲಿ ಸೇರಿಸಲಿ. ಅವರು ಕೇಳುವವರೆಗೆ ನಾವು ಕೇಳೋಣ. ಜೆಸಿಬಿ ಗೇಟಿನ ಹತ್ತಿರ ಬಂದ ದಿನ ಅಡುಗೆಮನೆಯಿಂದ ಹೊರಗೆ ಬಂದು, “ನೀರು ಎಲ್ಲಿಗೆ ಹೋಗ್ತದೆ, ಮೊದಲು ಅದನ್ನು ತೋರಿಸಿ” ಎನ್ನಿ. ಅಂಗಡಿಯಲ್ಲಿ ಪರಿಮಳದ ಕಟ್ಟು ಕೈಗೆ ಕೊಟ್ಟವರಿಗೆ ಇದು ಯಾವ ನೆಲದ್ದು ಎಂದು ಕೇಳಿ. ಧರೆ ಇರುವವರು ಈ ಪತ್ತನಾಜೆಯ ಒಳಗೆ ಮಟ್ಟ ನೋಡಿ ಗೆರೆ ಎಳೆದಿಡಿ. ನಮ್ಮ ಮನೆಯ ಸಾಲು ಈಗ ಬಿಡಿಸಿ ಕೊಡುವಷ್ಟು ಬೆಳೆದಿದೆ. ಗೋಣಿ ಹಿಡಿದು ಬಂದವರಿಗೆ ಸಸಿ ಉಂಟು, ಹೂಜಿಗೆಂದು ಬೇರು ಕೇಳಬೇಡಿ.